ಎರಡು ಆಷಾಢದ ದಾನಿ

ಕಳೆದ ಭಾನುವಾರ ಲಾಫ್ಟ್ ಖಾಲಿ ಮಾಡುವಾಗ ಹಳೆಯ ಕುಕ್ಕರಿನ ಹಿಂದೆ ಒಂದು ತಾಂಬೂಲದ ಚೀಲ ಸಿಕ್ಕಿತು. ಹಳದಿ ಬಟ್ಟೆ, ಕೆಂಪು ಹಿಡಿಕೆ, ಮೇಲೆ ಗಣಪತಿ, ಕೆಳಗೆ ಒಂದು ಗಂಡಿನ ಹೆಸರು ಮತ್ತು ಒಂದು ಹೆಣ್ಣಿನ ಹೆಸರು. ಇಬ್ಬರನ್ನೂ ನಾನು ಕಂಡವಳಲ್ಲ. ಮೂಗಿನ ಹತ್ತಿರ ಹಿಡಿದರೆ ಒಣಗಿದ ವೀಳ್ಯದೆಲೆಯ ವಾಸನೆ ಬರಲಿಲ್ಲ, ಸೀಮೆಸುಣ್ಣದ ವಾಸನೆ ಬಂತು. ಚೀಲವನ್ನು ತಲೆಕೆಳಗು ಮಾಡಿದೆ. ಉಗುರಿನಷ್ಟು ಉದ್ದದ ಸೀಮೆಸುಣ್ಣದ ತುಂಡುಗಳು ಬಿದ್ದವು, ಜೊತೆಗೆ ಥರ್ಮೊಕೋಲಿನ ಒಂದು ಅಕ್ಷರ...

ಅದೇ ವಾರ ನಮ್ಮ ರಸ್ತೆಯ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಛತ್ರದ ಯಜಮಾನರು ತೀರಿಕೊಂಡಿದ್ದರು. ‘ಕೊಡುಗೈ ದಾನಿ’, ‘ನೆರೆ ಸಂತ್ರಸ್ತರ ಆಶ್ರಯದಾತ’ ಎಂದು ದಪ್ಪ ಅಕ್ಷರ. ಫೋಟೊದಲ್ಲಿ ಅವರು ನಗುತ್ತಾ ಯಾರಿಗೋ ಬೆಡ್‌ಶೀಟ್ ಕೊಡುತ್ತಿದ್ದಾರೆ. ತೆಗೆದುಕೊಳ್ಳುತ್ತಿರುವವರನ್ನು ಕತ್ತರಿಸಿ ತೆಗೆದಿದ್ದಾರೆ. ಅಂಚಿನಲ್ಲಿ ಎರಡು ಕೈಗಳು ಮಾತ್ರ ಉಳಿದಿವೆ. ಹಸಿರು ಬಳೆ, ಸಿಮೆಂಟಿನಿಂದ ಬಿರುಕು ಬಿಟ್ಟ ಬೆರಳು. ಆ ಕೈಗಳು ಯಾರವೆಂದು ನನಗೆ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಆ ಫ್ಲೆಕ್ಸನ್ನೇ ಓದಿಕೊಳ್ಳಲಿ.

ಹತ್ತು ವರ್ಷಕ್ಕೂ ಹಿಂದಿನ ಮಾತು. ನಾನಾಗ ಪಿಯುಸಿ ಮುಗಿಸಿ ಡಿಗ್ರಿ ಕಾಲೇಜು ಶುರುವಾಗುವುದನ್ನು ಕಾಯುತ್ತಿದ್ದೆ. ಡೈರಿ ಬರೆಯುವ ಅಭ್ಯಾಸ ಆಗಲೇ ಇತ್ತು. ಎಷ್ಟು ಹೊತ್ತಿಗೆ ನೀರು ಬಂತು, ಎಷ್ಟು ಹೊತ್ತಿಗೆ ಕರೆಂಟು ಹೋಯ್ತು ಎಂಬುದನ್ನೆಲ್ಲ ಬರೆದಿಡುತ್ತಿದ್ದ ಕಾಲ. ಅದು ಅಧಿಕ ಮಾಸ ಬಂದ ವರ್ಷ. ಆಷಾಢವೇ ಎರಡು ಸಲ. ಮೊದಲನೆಯ ಆಷಾಢ ಹುಟ್ಟಿದ ವಾರದಲ್ಲೇ ಒಂದು ಸಂಜೆ ಸುರಿದ ಮಳೆಗೆ ಇಟ್ಟಮಡುವಿನ ತಗ್ಗಿನಲ್ಲಿ ರಾಜಕಾಲುವೆಯ ಗೋಡೆ ಕುಸಿಯಿತು. ಕಾಲುವೆಯ ಪಕ್ಕದ ತಗಡಿನ ಶೆಡ್‌ಗಳಲ್ಲಿ ಕಟ್ಟಡ ಕೆಲಸದವರಿದ್ದರು. ಬೆಳಗಾಗುವಷ್ಟರಲ್ಲಿ ಶೆಡ್ಡುಗಳಿರಲಿಲ್ಲ, ಕೆಸರಿನಲ್ಲಿ ನೆಟ್ಟಗೆ ನಿಂತ ಕೆಲವು ಕಂಬಗಳಿದ್ದವು.

ಅವರಲ್ಲಿ ಹೆಚ್ಚಿನವರು ಕೃಷ್ಣೆಯ ದಡದ ಹಳ್ಳಿಗಳವರು. ಅಲ್ಲಿ ಹೊಳೆ ಮನೆ ಕೊಂಡೊಯ್ದಿತ್ತು ಎಂದೇ ಇಲ್ಲಿಗೆ ಬಂದವರು. ಇಲ್ಲಿ ಮೋರಿ ಕೊಂಡೊಯ್ಯಿತು. ಫ್ಲೆಕ್ಸಿನ ಆ ಕೈಗಳ ಹೆಂಗಸು ನನಗೆ ಮೊದಲು ಹೇಳಿದ್ದೇ ಇದು. “ಹೊಳಿ ಬಂದಾಗರ ಮೊದ್ಲ ಡಂಗುರ ಸಾರತಿದ್ರವ್ವ, ದನಾ ಬಿಚ್ಚರಿ, ಮ್ಯಾಲ ಹೋಗ್ರಿ ಅಂತ. ನಿಮ್ಮ ಗಟಾರ ಹೇಳದ ಕೇಳದ ಬಂತು.” ಅವಳು ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಗಂಡ ಜೊತೆಗಿರಲಿಲ್ಲ. ಒಬ್ಬಳೇ ಮಗಳು. ಊರಿನಲ್ಲಿ ಶಾಲೆಯ ಕಟ್ಟಡ ಮುಳುಗಿ ಒಂದು ವರ್ಷ, ಇಲ್ಲಿ ಶಾಲೆ ಸಿಗದೆ ಇನ್ನೊಂದು ವರ್ಷ ಕಳೆದುಕೊಂಡ ಹುಡುಗಿ ಆಗಷ್ಟೇ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿಗೆ ಸೇರಿದ್ದಳು. ತನಗಿಂತ ಗಿಡ್ಡ ಹುಡುಗಿಯರ ನಡುವೆ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಹತ್ತನೇ ಕ್ಲಾಸು ಮುಗಿಸಬೇಕು ಎಂಬ ಒಂದೇ ಹಟ, ತಾಯಿಗೂ ಮಗಳಿಗೂ.

ಆ ಬೆಳಿಗ್ಗೆ ಬಾಗಿಲು ತೆರೆದವರು ಛತ್ರದ ಯಜಮಾನರು. ಹಳೆಯ ಹಳ್ಳಿಯ ರೈತ ಮನೆತನ. ರಾಗಿ ಹೊಲ ಸೈಟುಗಳಾದ ಮೇಲೆ ಉಳಿದ ತುಂಡಿನಲ್ಲಿ ಕಲ್ಯಾಣ ಮಂಟಪ ಕಟ್ಟಿಸಿದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಚಿನ್ನದ ಕಡಗ. ನಡೆಯುವಾಗ ಪಂಚೆಯ ತುದಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿಯುತ್ತಿದ್ದರು, ನೆಲ ಎಷ್ಟೇ ಒಣಗಿದ್ದರೂ. “ಬನ್ರವ್ವಾ, ಬನ್ರಿ. ನಮ್ದೇ ಛತ್ರ. ಯಾವನು ಕೇಳ್ತಾನೆ? ಎಷ್ಟ್ ದಿನ ಬೇಕಾದ್ರೂ ಇರ್ರಿ!” ಎಂದು ಗೇಟಿನ ಬಳಿ ನಿಂತು ಕೂಗಿದರು. ಒದ್ದೆ ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಜನ ಒಳಗೆ ಹೋದರು. ಫೋಟೊದವನು ಇನ್ನೂ ಬಂದಿರಲಿಲ್ಲವಾದ್ದರಿಂದ ಬೆಡ್‌ಶೀಟುಗಳು ಮಾತ್ರ ಮಧ್ಯಾಹ್ನದವರೆಗೆ ಆಫೀಸಿನ ಕೋಣೆಯಲ್ಲೇ ಇದ್ದವು. ಅವನು ಬಂದ ಮೇಲೆ ಆ ಹೆಂಗಸಿಗೆ ಕೊಟ್ಟ ಬೆಡ್‌ಶೀಟನ್ನು ವಾಪಸ್ಸು ಇಸಿದುಕೊಂಡು ಮತ್ತೆ ಕೊಟ್ಟರು, ಮತ್ತೆ ಇಸಿದುಕೊಂಡರು. “ಸ್ವಲ್ಪ ನಗಮ್ಮಾ, ಮನೆ ಹೋದೋಳ್ ಥರ ನಿಂತಿದೀಯಲ್ಲಾ” ಎಂದರು. ಅವಳ ಮನೆ ಹೋಗಿ ಅರ್ಧ ದಿನ ಆಗಿರಲಿಲ್ಲ. ಸುತ್ತಲಿದ್ದವರು ನಕ್ಕರು.

ಸಂಜೆ ಮನೆಯಲ್ಲಿ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅಜ್ಜಿ ಹುರುಳಿಕಾಯಿಯ ನಾರು ಬಿಡಿಸುತ್ತಾ ಕೂತಿದ್ದಳು. “ಒಳ್ಳೇ ಮನುಷ್ಯ” ಎಂದಳು. ಇನ್ನೊಂದು ಕಾಯಿಯ ನಾರು ಎಳೆದು, “ಆಷಾಢದಲ್ಲಿ” ಎಂದಳು.

ನನಗೆ ತಿಳಿಯಲಿಲ್ಲ.

“ಆಷಾಢದಲ್ಲಿ ಯಾರೇ ಮದ್ವೆ ಮಾಡ್ತಾರೆ? ಈ ಸಲ ಎರಡೆರಡು ಆಷಾಢ ಬೇರೆ. ಛತ್ರ ಬಾವಲಿಗೆ ಬಿಟ್ಟಂಗೆ ಬಿದ್ದಿರುತ್ತೆ. ವೈಶಾಖದಲ್ಲಿ ಇಟ್ಕೊಂಡಿದ್ರೆ ನಾನೇ ಹೋಗಿ ಆರತಿ ಎತ್ತಿ ಬರ್ತಿದ್ದೆ.”

ಇದೇನೂ ಗುಟ್ಟಾಗಿರಲಿಲ್ಲ. ಬೀದಿಯ ಪ್ರತಿಯೊಂದು ಮನೆಗೂ ಗೊತ್ತಿದ್ದದ್ದೇ. ಗೊತ್ತಿದ್ದೂ ಎಲ್ಲರೂ ಅವರನ್ನು ಧರ್ಮಾತ್ಮ ಎಂದರು. ಹಾಗೆ ಎಂದರೆ ತಾವು ಏನೂ ಮಾಡಬೇಕಾಗಿರಲಿಲ್ಲ. ಬಡಾವಣೆಯ ಸಂಘದವರು ತಮ್ಮ ಸ್ವಂತ ಸಭಾಭವನಕ್ಕೆ ಆ ವಾರವೇ ಹೊಸ ಬೀಗ ಹಾಕಿಸಿದರು. ಯೋಗ ತರಗತಿಗೆ ತೊಂದರೆ ಆಗಬಾರದಂತೆ.

ನಾನು ಸಂಜೆ ಹೊತ್ತು ಛತ್ರಕ್ಕೆ ಹೋಗಿ ಮಕ್ಕಳಿಗೆ ಪಾಠ ಹೇಳತೊಡಗಿದೆ. ಊಟದ ಹಾಲಿನಲ್ಲಿ ಉದ್ದುದ್ದ ಮೇಜುಗಳಿದ್ದವು. ಮಕ್ಕಳು ಪಂಕ್ತಿಗೆ ಕೂತ ಹಾಗೆ ಸಾಲಾಗಿ ಕೂರುತ್ತಿದ್ದರು. ನಾನು ಬಡಿಸುವವಳ ಹಾಗೆ ನಡುವೆ ಓಡಾಡುತ್ತಿದ್ದೆ. ಕರಿಹಲಗೆ ಇರಲಿಲ್ಲ. ಬಾಗಿಲಲ್ಲಿ ವಧೂವರರ ಹೆಸರು ಜೋಡಿಸುವ ದೊಡ್ಡ ಹಲಗೆ ಇತ್ತು, ಅದಕ್ಕೆ ಚುಚ್ಚುವ ಥರ್ಮೊಕೋಲಿನ ಬಂಗಾರದ ಬಣ್ಣದ ಅಕ್ಷರಗಳು ಒಂದು ಡಬ್ಬಿಯ ತುಂಬ ಇದ್ದವು. ಮಕ್ಕಳು ಅದರಲ್ಲಿ ತಮ್ಮ ತಮ್ಮ ಹೆಸರು ಜೋಡಿಸಿದರು. ಒಂದು ಸಂಜೆ ಹಲಗೆಯ ಮೇಲೆ ಎರಡನೇ ಕ್ಲಾಸಿನ ಒಬ್ಬನ ಹೆಸರು, ಅದರ ಪಕ್ಕದಲ್ಲಿ ಗಣಿತ ಎಂದು ಇಂಗ್ಲಿಷಿನಲ್ಲಿ ಜೋಡಿಸಿಟ್ಟು, ನಡುವೆ ಹೃದಯದ ಚಿತ್ರ ಇಟ್ಟಿದ್ದರು. “ಅಕ್ಕಾ, ಇವಂಗ ಗಣಿತದ ಕೂಡ ಲಗ್ನ ನಿಕ್ಕಿ ಆಗೇತ್ರಿ, ಬಿಟ್ಟು ಓಡಿ ಹೋಗಾಕ ಬರಂಗಿಲ್ಲ!” ಎಂದು ಎಂಟನೇ ಕ್ಲಾಸಿನ ಆ ಹುಡುಗಿ ಕೂಗಿದಳು. ಮಕ್ಕಳೆಲ್ಲ ಮೇಜು ಬಡಿದರು. ಹಾಜರಿ ಅವತ್ತು ಪೂರ್ತಿ ಇತ್ತು ಎಂದು ಡೈರಿಯಲ್ಲಿದೆ.

ಪುಸ್ತಕ ಇಡಲು ಚೀಲ ಬೇಕಾಯಿತು. ಯಜಮಾನರು ಸ್ಟೋರಿನಿಂದ ಒಂದು ಕಟ್ಟು ತಾಂಬೂಲದ ಚೀಲ ತರಿಸಿ ಹಂಚಿದರು. ಅದಕ್ಕೂ ಫೋಟೊ. ಎಲ್ಲ ಚೀಲದ ಮೇಲೂ ಒಂದೇ ಜೋಡಿಯ ಹೆಸರು. ಆ ಮದುವೆ ಹಿಂದಿನ ವರ್ಷ ಮುರಿದುಬಿದ್ದಿತ್ತು, ಅಚ್ಚಾದ ಚೀಲಗಳನ್ನು ಹೆಣ್ಣಿನ ಕಡೆಯವರು ಛತ್ರದಲ್ಲೇ ಬಿಟ್ಟು ಹೋಗಿದ್ದರು ಎಂದು ಛತ್ರದ ಮ್ಯಾನೇಜರ್ ಹೇಳಿದ. ಹೀಗೆ ಮಕ್ಕಳೆಲ್ಲ ನಡೆಯದ ಮದುವೆಯೊಂದರ ಹೆಸರು ಹೊತ್ತು ಶಾಲೆಗೆ ಹೋದರು. ಯಜಮಾನರು ಇದನ್ನು ‘ಸ್ಕೂಲ್ ಬ್ಯಾಗ್ ವಿತರಣೆ’ ಎಂದು ಕರೆದರು.

ಶ್ರಾವಣದ ಮುಹೂರ್ತಗಳಿಗೆ ಛತ್ರ ನೋಡಲು ಮದುವೆಯವರು ಬರುತ್ತಿದ್ದರು. ಆಗ ಹಾಸಿಗೆಗಳನ್ನೆಲ್ಲ ಸುತ್ತಿ ವಧುವಿನ ಕೋಣೆಗೆ ತುರುಕಬೇಕು, ಹಗ್ಗದ ಮೇಲಿನ ಬಟ್ಟೆ ಇಳಿಸಬೇಕು, ಮಕ್ಕಳು ಅಳಬಾರದು. ಯಜಮಾನರು ಬಂದವರನ್ನು ಕರೆದುಕೊಂಡು ಹಾಲಿನ ತುಂಬ ತಿರುಗುತ್ತಿದ್ದರು. “ಇದು ಡೈನಿಂಗು, ಗಾಳಿ ಬೆಳಕು ನೋಡ್ಕೊಳಿ. ಇವ್ರಾ? ನೆರೆಯೋರು ಸಾರ್. ನಾವೇ ಇಟ್ಕೊಂಡಿದೀವಿ. ಅಷ್ಟು ಮಳೆ ಬಂತಲ್ಲ, ನಮ್ ಛತ್ರಕ್ಕೆ ಒಂದ್ ಹನಿ ನುಗ್ಲಿಲ್ಲ, ಬೇಕಾದ್ರೆ ಇವ್ರನ್ನೇ ಕೇಳಿ.” ಮನೆ ಕಳೆದುಕೊಂಡವರು ತಲೆಯಾಡಿಸಿ ಸಾಕ್ಷಿ ಹೇಳುತ್ತಿದ್ದರು. ಅಂಥ ಬಾಯಿ ಅಂಥ ಮನಸ್ಸಿಗೇ ಬರುತ್ತದೆ. ಅವರು ಕೆಟ್ಟವರು ಎಂದು ಹೇಳಿದರೆ ಅದೂ ಹೆಚ್ಚಾಯಿತು. ಕೆಟ್ಟತನಕ್ಕೆ ಒಂದಿಷ್ಟು ಯೋಚನೆ ಬೇಕು. ಇವರದು ಬರೀ ಸದ್ದು.

ಎರಡನೆಯ ಆಷಾಢ ಶುರುವಾಗುವ ಹೊತ್ತಿಗೆ, “ಪಾಪ, ಇನ್ನೊಂದ್ ತಿಂಗ್ಳು ಇರ್ಲಿ” ಎಂದು ಘೋಷಿಸಿದರು. ಬಡಾವಣೆ ಪುಳಕಗೊಂಡಿತು. ಸಂಘದವರು ಸನ್ಮಾನ ಇಟ್ಟುಕೊಂಡರು, ಅದೇ ಛತ್ರದಲ್ಲಿ, ಅದೇ ಸ್ಟೇಜಿನ ಮೇಲೆ. ಹಾಲಿನಲ್ಲಿ ವಾಸವಿದ್ದವರು ತಮ್ಮ ಹಾಸಿಗೆ ಸುತ್ತಿಟ್ಟು ಸಭಿಕರಾಗಿ ಕೂತರು. ಮೈಸೂರು ಪೇಟ ಯಜಮಾನರ ತಲೆಗೆ ಚಿಕ್ಕದಾಗಿ ಹಣೆಯ ಮೇಲೆ ನಿಂತುಕೊಂಡಿತ್ತು. ಆ ಹುಡುಗಿ ಒಂದು ಪುಟ್ಟ ಭಾಷಣ ಮಾಡಿದಳು. ನಾನು ಬರೆದುಕೊಟ್ಟದ್ದಲ್ಲ, ಅವಳೇ ಹೇಳಿದ್ದು. ಎರಡು ಮನೆ ನೀರಿಗೆ ಹೋದವು, ಆದರೆ ಎಂಟನೇ ಕ್ಲಾಸು ಹೋಗಲಿಲ್ಲ, ಹತ್ತನೇ ಕ್ಲಾಸಿನವರೆಗೂ ಹೋಗಗೊಡುವುದಿಲ್ಲ ಎಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ತಮ್ಮ ಪಾಲಿನದು ಎಂದು ಅನಿಸಿತೋ ಏನೋ, ಯಜಮಾನರು ಮೈಕು ಕಿತ್ತುಕೊಂಡರು. “ಈ ಮಗು ಹತ್ತನೇ ಕ್ಲಾಸ್ ಪಾಸಾಗೋ ಗಂಟ ನಮ್ ಛತ್ರದಲ್ಲೇ ಇರ್ತದೆ! ಹಿಂದ್ಗಡೆ ಅಡುಗೆಯೋರ ರೂಮದೆ, ತಾಯಿ ಮಗ್ಳು ಇರ್ಲಿ. ಇದು ನನ್ ಮಾತು!” ಎಂದರು. ಆಷಾಢ ಶುಕ್ರವಾರವಾದ್ದರಿಂದ ಹೆಂಗಸರಿಗೆ ಕೊಡಲು ಅರಿಶಿನ ಕುಂಕುಮ ಸಿದ್ಧವಿತ್ತು. ಅವರು ಒಂದು ತೆಂಗಿನಕಾಯಿ, ಎಲೆ ಅಡಿಕೆ ತೆಗೆದುಕೊಂಡು, ಅದೇ ಹಳದಿ ಚೀಲಕ್ಕೆ ಹಾಕಿ, ಆ ತಾಯಿಯ ಸೆರಗಿಗೆ ಇಟ್ಟರು. ಮತ್ತೆ ಚಪ್ಪಾಳೆ.

ಅವರಿಗೆ ಅದು ಸ್ಟೇಜಿನ ಮೇಲಿನ ಒಂದು ಚಲನೆ. ಅವಳಿಗೆ ಅದು ಬೇರೆ. ಎಲೆ ಅಡಿಕೆ ಕೈಗಿಟ್ಟು ಆಡಿದ ಮಾತೆಂದರೆ ಹೆಣ್ಣು ನಿಶ್ಚಯವಾದ ಹಾಗೆ, ಹೊಲ ಗುತ್ತಿಗೆಗೆ ಕೊಟ್ಟ ಹಾಗೆ. ಅದರ ಮೇಲೆ ಇನ್ನು ಮಾತಿಲ್ಲ. ಅವಳು ಆ ಕಾಯನ್ನು ಒಡೆಯಲಿಲ್ಲ. ಎಲೆಯ ಸಮೇತ ಬಟ್ಟೆಯಲ್ಲಿ ಕಟ್ಟಿ ಅಡುಗೆಯವರ ಕೋಣೆಯ ಕಿಟಕಿಗೆ ನೇತುಹಾಕಿದಳು. ಅಡಿಕೆಯನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಳು.

ಮುಂದಿನ ವಾರ ಸರ್ಕಾರದ ಕಡೆಯವರು ಬಂದರು. ಊರಾಚೆ ಎಲ್ಲೋ ಕಟ್ಟಿ ಬಿಟ್ಟಿದ್ದ ಬಹುಮಹಡಿ ಕಟ್ಟಡದಲ್ಲಿ ಒಂದೊಂದು ಕುಟುಂಬಕ್ಕೆ ಒಂದೊಂದು ಮನೆ. ಲಾರಿಯೂ ಬಂದಿತ್ತು. ಅಲ್ಲಿ ಸೂರಿತ್ತು, ಶಾಲೆ ಇರಲಿಲ್ಲ. ಹೈಸ್ಕೂಲಿಗೆ ಎರಡು ಬಸ್ಸು ಬದಲಾಯಿಸಬೇಕು ಎಂದು ಅಧಿಕಾರಿಯೇ ಹೇಳಿದರು. ಉಳಿದವರು ಹತ್ತಿದರು. ಚಿಕ್ಕ ಮಕ್ಕಳಿದ್ದವರಿಗೆ ಯೋಚಿಸಲು ಏನೂ ಇರಲಿಲ್ಲ, ಮಳೆ ಇನ್ನೂ ಮುಗಿದಿರಲಿಲ್ಲ. ಆ ಹೆಂಗಸು ಮಾತ್ರ ಲಾರಿಯ ಪಕ್ಕ ನಿಂತು ಬೇಡ ಎಂದಳು.

“ಈಗ ಬಿಟ್ರೆ ಮತ್ತೆ ಸಿಗಲ್ಲಮ್ಮಾ. ಬೇರೆಯೋರಿಗೆ ಹೋಗ್ಬಿಡುತ್ತೆ” ಎಂದರು ಅಧಿಕಾರಿ. ಅವರ ದನಿಯಲ್ಲಿ ನಿಜವಾದ ಆತಂಕ ಇತ್ತು.

“ಹೋಗ್ಲಿ ಬಿಡ್ರೀ ಸಾಹೇಬ್ರ. ಯಜಮಾನ್ರು ಎಲಿ ಅಡಿಕಿ ಕೊಟ್ಟು ಹೇಳ್ಯಾರ. ಸಾಲಿ ಇಲ್ಲೇ ಐತಿ.”

ನಾನು ಅವಳನ್ನು ಪಕ್ಕಕ್ಕೆ ಕರೆದು, ಸ್ಟೇಜಿನ ಮಾತು ಅದು, ಇನ್ನೊಮ್ಮೆ ಕೇಳಿ ಗಟ್ಟಿ ಮಾಡಿಕೊಳ್ಳಿ ಎಂದೆ. ಅವಳು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ತಾಂಬೂಲ ಕೊಟ್ಟವರನ್ನು ಮತ್ತೆ ಕೇಳುವುದೆಂದರೆ ಅವರ ಮುಖದ ಮೇಲೆ ಉಗುಳಿದ ಹಾಗೆ. “ಇಷ್ಟು ದೊಡ್ಡ ಮನಷ್ಯಾ ರೀ. ದಿನಾ ಲಗ್ನ ಮಾಡಸೂ ಮನಿ ಇದು. ಎಲಿ ಅಡಿಕಿ ಅಂದ್ರ ಏನಂತ ಅವ್ರಿಗೆ ನಾ ಹೇಳಿಕೊಡ್ಲೇನು?” ಎಂದಳು. ನಿಜವೇ, ಆ ಮನುಷ್ಯ ಬದುಕಿದ್ದೇ ಎಲೆ ಅಡಿಕೆಯ ಮೇಲೆ. ಅವಳು ಮನೆ ಬಿಟ್ಟು ಶಾಲೆ ಹಿಡಿದಳು. ಲಾರಿ ಹೋಯಿತು.

ಆಮೇಲಿನ ಮೂರು ವಾರ ಛತ್ರ ಖಾಲಿ ಖಾಲಿ. ಹುಡುಗಿ ಊಟದ ಹಾಲಿನ ಅದೇ ಉದ್ದದ ಮೇಜಿನ ತುದಿಯಲ್ಲಿ ಒಬ್ಬಳೇ ಕೂತು ಬೀಜಗಣಿತ ಮಾಡುತ್ತಿದ್ದಳು. ಲಗ್ನಕ್ಕೆ ಬಂದವರೆಲ್ಲ ಉಂಡು ಹೋಗಿ ತಾನೊಬ್ಬಳೇ ಉಳಿದಂತಿದೆ ಎಂದು ನಗುತ್ತಿದ್ದಳು. ತಾಯಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಇಡೀ ಹಾಲನ್ನು ಒರೆಸುತ್ತಿದ್ದಳು, ಯಾರೂ ಹೇಳದೆ. ಯಜಮಾನರು ಬಂದಾಗ ಮಾತಾಡಿಸುತ್ತಿದ್ದರು. “ಏನವ್ವಾ, ಚೆನ್ನಾಗಿದೀರಾ?” ಚೆನ್ನಾಗಿದ್ದರು.

ಶ್ರಾವಣ ಬಂತು. ಮೊದಲ ಮುಹೂರ್ತದ ಹಿಂದಿನ ದಿನ ಬೆಳಿಗ್ಗೆ ಅಡುಗೆಯವರು ಪಾತ್ರೆ ಸಮೇತ ಬಂದು ಇಳಿದರು. ಮ್ಯಾನೇಜರ್ ಕೋಣೆಯೊಳಗಿನ ಟ್ರಂಕನ್ನು ಎತ್ತಿ ಹೊರಗಿಟ್ಟ. ಆ ಹೆಂಗಸು ಜಗಳ ಮಾಡಲಿಲ್ಲ. ಏನೋ ತಪ್ಪು ತಿಳಿವಳಿಕೆ ಆಗಿದೆ, ಯಜಮಾನರು ಬಂದರೆ ಸರಿಹೋಗುತ್ತದೆ ಎಂದು ಮೆಟ್ಟಿಲ ಮೇಲೆ ಕೂತಳು. ಮಗಳು ನಮ್ಮ ಮನೆಗೆ ಓಡಿ ಬಂದು ನನ್ನನ್ನು ಕರೆದಳು. ನಾನು ಹೋಗುವಷ್ಟರಲ್ಲಿ ಯಜಮಾನರು ಬಂದಿದ್ದರು. ಬಾಗಿಲಿಗೆ ಬಾಳೆಕಂದು ಕಟ್ಟುವುದನ್ನು ನೋಡುತ್ತಾ ನಿಂತಿದ್ದರು.

“ಸಾರ್, ಇವ್ರನ್ನ ಇಟ್ಕೋತೀನಿ ಅಂತ ನೀವೇ ಹೇಳಿದ್ರಿ” ಎಂದೆ.

“ಹೇಳ್ದೆ ಕಣಮ್ಮಾ. ಸ್ಟೇಜ್ ಮೇಲೆ ನೂರು ಹೇಳ್ತೀವಿ. ಜನ ಚಪ್ಪಾಳೆ ಹೊಡೀತಾವ್ರೆ, ಬಾಯಿ ತುಂಬಾ ಬಂದ್ಬಿಡ್ತು.” ಅವರಿಗೆ ಕೋಪವೂ ಬಂದಿರಲಿಲ್ಲ. ಮಗುವಿಗೆ ಬುದ್ಧಿ ಹೇಳುವ ದನಿಯಲ್ಲೇ ಹೇಳಿದರು. “ಮುಹೂರ್ತದ ಟೈಮು. ಅಡುಗೆಯೋರು ಎಲ್ಲಿ ಮಲಗ್ಬೇಕು, ನನ್ ತಲೆ ಮೇಲಾ? ಎರಡು ತಿಂಗ್ಳು ಅನ್ನ ನೆರಳು ಕೊಟ್ಟಿಲ್ವಾ? ಸರ್ಕಾರದೋರು ಮನೆ ಕೊಟ್ರೆ ಬೇಡ ಅಂದೋಳು ಅವ್ಳು. ಅದ್ಕೆ ನಾನೇನ್ ಮಾಡ್ಲಿ?”

ಅನ್ನ ಅವರು ಕೊಟ್ಟದ್ದಲ್ಲ, ಯಾವುದೋ ಗುಡಿಯಿಂದ ಬರುತ್ತಿತ್ತು. ಅದು ಇರಲಿ.

ಆ ಹೆಂಗಸು ಅಷ್ಟೂ ಮಾತು ಕೇಳಿಸಿಕೊಂಡಳು. ಎದ್ದು ಹಿಂದಕ್ಕೆ ಹೋದಳು. ಬಂದಾಗ ಕೈಯಲ್ಲಿ ಕಿಟಕಿಯಿಂದ ಬಿಚ್ಚಿದ ಆ ಗಂಟು ಇತ್ತು. ಅಷ್ಟರಲ್ಲಿ ಗೇಟಿನಲ್ಲಿ ವ್ಯಾನು ನಿಂತು ಹೆಣ್ಣಿನ ಕಡೆಯವರು ಇಳಿಯುತ್ತಿದ್ದರು, ಕಲಶ ಹಿಡಿದ ಹುಡುಗಿಯರು, ಹಿಂದೆ ರೇಷ್ಮೆ ಸೀರೆಯ ದೊಡ್ಡವರು. ಅವಳು ಆಫೀಸಿನ ಮೇಜಿನ ಮೇಲೆ ಕಾಯಿ ಇಟ್ಟಳು. ಸೆರಗಿನ ಗಂಟು ಬಿಚ್ಚಿ ಅಡಿಕೆ ಇಟ್ಟಳು. ಒಣಗಿ ಪುಡಿಯಾಗಿದ್ದ ಎಲೆಯನ್ನೂ ಇಟ್ಟಳು. “ತಗೋರಿ. ನಿಮ್ಮ ತಾಂಬೂಲ” ಎಂದಳು.

ತಾಂಬೂಲ ಹಿಂದಿರುಗಿಸುವುದೆಂದರೆ ಏನೆಂದು ನಮ್ಮ ಕಡೆಯ ಮಗುವಿಗೂ ಗೊತ್ತು. ಗೊತ್ತಾದ ಸಂಬಂಧ ಮುರಿದಾಗ ಮಾಡುವ ಕೆಲಸ ಅದು. ಮದುವೆಯ ಮನೆಯ ಬಾಗಿಲಲ್ಲಿ, ಹೆಣ್ಣು ಒಳಗೆ ಕಾಲಿಡುವ ಹೊತ್ತಿಗೆ... ಬಾಳೆಕಂದು ಕಟ್ಟುತ್ತಿದ್ದವನ ಕೈ ನಿಂತಿತು. ರೇಷ್ಮೆ ಸೀರೆಯ ಒಬ್ಬ ಹಿರಿಯ ಹೆಂಗಸು ಹೊಸಿಲ ಆಚೆಯೇ ನಿಂತುಬಿಟ್ಟಳು.

“ಏನ್ರೀ ಇದು? ಯಾರ್ದು ತಾಂಬೂಲ ವಾಪಸ್ಸು ಬಂದಿರೋದು?”

ಯಜಮಾನರ ಮುಖ ಆಗ ನೋಡಬೇಕಿತ್ತು. ಎರಡು ತಿಂಗಳಲ್ಲಿ ಅವರ ಮುಖದಲ್ಲಿ ಏನಾದರೂ ನಿಜವಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾಚಿಕೆ ಎಂದುಕೊಳ್ಳಬೇಡಿ. ಅದು ಹೆದರಿಕೆ. “ಏಯ್, ಎತ್ತೋ ಅದನ್ನ!” ಎಂದು ಮ್ಯಾನೇಜರಿಗೆ ಹೇಳಿದರು. “ನಾನ್ ಮುಟ್ಟಲ್ಲ ಯಜಮಾನ್ರೇ, ನನ್ ಮಗಳದ್ದು ಈ ತಿಂಗ್ಳೇ ಐತೆ” ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ. ಯಜಮಾನರು ಬಾಗಿಲ ಕಡೆ ತಿರುಗಿ ನಕ್ಕರು, ಫೋಟೊದ ನಗು. “ಅಯ್ಯೋ ಏನಿಲ್ಲ ಮೇಡಂ, ಬನ್ನಿ ಬನ್ನಿ. ನಮ್ ಛತ್ರದ ಹುಡ್ಗಿ ಇವ್ಳು. ನಾವೇ ಓದುಸ್ತಾ ಇದೀವಿ. ಹತ್ತನೇ ಕ್ಲಾಸ್ ಗಂಟ ನಂದೇ ಜವಾಬ್ದಾರಿ!”

ಮತ್ತೆ ಅದೇ ಮಾತು. ಸ್ಟೇಜು ಕೂಡ ಬೇಕಿರಲಿಲ್ಲ ಆ ಮನುಷ್ಯನಿಗೆ. ನಾಲ್ಕು ಜನ ನೋಡುತ್ತಿದ್ದರೆ ಸಾಕಿತ್ತು.

“ಓದಸಾಕತ್ತಿಲ್ರೀ” ಎಂದಳು ಆ ಹೆಂಗಸು, ರೇಷ್ಮೆ ಸೀರೆಯವಳನ್ನೇ ನೋಡಿ. ದನಿ ಏರಿಸಲಿಲ್ಲ. “ಅದಕ್ಕ ತಿರುಗಿ ಕೊಟ್ಟೀನಿ. ನಿಮ್ಮ ಮಗಳಿಗೆ ಏನೂ ಆಗಂಗಿಲ್ಲವ್ವಾ. ಇದು ನಿಮಗ ಸಂಬಂಧ ಇಲ್ಲ. ಒಳಗ ಬರ್ರಿ, ಚಲೋ ಆಗ್ಲಿ.” ಹಾಗೆಂದು ತನ್ನ ಟ್ರಂಕು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು.

ಹುಡುಗಿ ಯೂನಿಫಾರ್ಮಿನಲ್ಲೇ ಇದ್ದಳು, ಶಾಲೆಗೆ ಹೊರಡಬೇಕಾದ ಹೊತ್ತು. ಪುಸ್ತಕಗಳನ್ನು ಆಗಲೇ ಟ್ರಂಕಿನೊಳಗೆ ಹಾಕಿದ್ದಳು, ಖಾಲಿಯಾದ ಚೀಲವನ್ನು ನನ್ನ ಕೈಗೆ ಕೊಟ್ಟಳು. “ಅಕ್ಕಾ, ನಿಮ್ಮ ಸೀಮೆಸುಣ್ಣ ಇದ್ರಾಗ ಅದಾವ್ರಿ” ಎಂದಳು. ಹಲಗೆಯ ಒಂದು ಅಕ್ಷರವನ್ನೂ ಅದರಲ್ಲಿ ಹಾಕಿದ್ದಳೆಂದು ನಾನು ಸಂಜೆ ನೋಡಿದೆ. ಅವಳ ಹೆಸರಿನ ಮೊದಲ ಅಕ್ಷರ. ಹಾಗಾದರೆ ಅದನ್ನು ಕದ್ದಿದ್ದಳು. ಕದ್ದದ್ದನ್ನು ಹಿಂದಕ್ಕೆ ಕೊಟ್ಟಿದ್ದಳು. ಆ ಕಟ್ಟಡದಿಂದ ಏನನ್ನೂ ಒಯ್ಯುವುದು ಬೇಡ ಎನಿಸಿತ್ತೋ ಏನೋ...

ನಮ್ಮ ಮನೆಗೆ ಬನ್ನಿ ಎಂದೆ. ತಾಯಿ ಒಪ್ಪಲಿಲ್ಲ. ಬಿಟಿಎಂ ಲೇಔಟಿನ ಕಡೆ ಒಂದು ಪಿಜಿ ಕಟ್ಟಡ ಏಳುತ್ತಿದೆ, ಅಲ್ಲಿ ಮೇಸ್ತ್ರಿ ಪರಿಚಯದವನು, ಸೈಟಿನಲ್ಲೇ ಇರಬಹುದು ಎಂದಳು. ಮೊದಲ ವಾರ ಹುಡುಗಿ ಬಸ್ಸಿನಲ್ಲಿ ಶಾಲೆಗೆ ಬಂದಳು. ಎರಡನೆಯ ವಾರ ತಡವಾಗಿ ಬಂದಳು. ಆಮೇಲೆ ನಾನು ಶಾಲೆಗೆ ಹೋಗಿ ನೋಡಿದಾಗ ಅವಳ ಬೆಂಚಿನಲ್ಲಿ ಬೇರೆ ಯಾರೋ ಕೂತಿದ್ದರು. ನಾನು ಆ ಕಟ್ಟಡ ಹುಡುಕಿಕೊಂಡು ಹೋದಾಗ ಗಾರೆ ಮುಗಿದು ಬಣ್ಣ ಬಳಿಯುತ್ತಿದ್ದರು. ಗಾರೆಯವರು ಉತ್ತರಹಳ್ಳಿಯ ಕಡೆ ಹೋದರು ಎಂದರು. ಅಲ್ಲಿ ಆಗ ಪ್ರತಿ ತಿರುವಿನಲ್ಲೂ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು.

ಯಜಮಾನರು ಏನು ಮಾಡಿದರು ಗೊತ್ತೆ? ಆಫೀಸಿನ ಮೇಜು ಬದಲಾಯಿಸಿದರು. ಪುರೋಹಿತರಿಂದ ಮಂತ್ರದ ನೀರು ಹಾಕಿಸಿದರೂ ಸಮಾಧಾನವಾಗದೆ, ತೇಗದ ಆ ಹಳೆಯ ಮೇಜನ್ನು ಗುಜರಿಗೆ ಹಾಕಿ ಗಾಜಿನದು ತಂದರು. ಒಂದು ಮಗುವಿನ ಓದು ನಿಂತದ್ದಕ್ಕೆ ಆ ಮನುಷ್ಯ ಮಾಡಿಕೊಂಡ ಪ್ರಾಯಶ್ಚಿತ್ತ ಅದು. ಸನ್ಮಾನದ ಫೋಟೊ ಮಾತ್ರ ಗೋಡೆಯ ಮೇಲೆ ಹಾಗೇ ಇತ್ತು.

ಲೆಕ್ಕ ಬರೆಯುವವಳು ಎರಡೂ ಕಡೆ ಬರೆಯಬೇಕು. ಆ ಮಳೆಯ ಬೆಳಿಗ್ಗೆ ಬೇರೆ ಯಾವ ಬಾಗಿಲೂ ತೆರೆಯಲಿಲ್ಲ. ಖಾಲಿ ಛತ್ರವನ್ನಾದರೂ ಅವರು ತೆರೆದರು. ನಮ್ಮ ಬೀದಿಯಲ್ಲಿ ಖಾಲಿ ಮಹಡಿಗಳಿದ್ದವು, ಯಾರೂ ಬೀಗ ತೆಗೆಯಲಿಲ್ಲ. ಇದನ್ನು ಬರೆದಿದ್ದೇನೆ. ಬರೆದ ಮೇಲೂ ಮೊತ್ತ ಬದಲಾಗುವುದಿಲ್ಲ. ಬಾಗಿಲು ಹಾಕಿಕೊಂಡವರನ್ನು ನಂಬಿ ಯಾರೂ ಮನೆ ಬಿಡಲಿಲ್ಲ.

ಅಜ್ಜಿ ಈಗಿಲ್ಲ. ಇದ್ದಿದ್ದರೆ ಮೊನ್ನೆಯ ಸಂಗತಿಗೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಯಜಮಾನರ ವೈಕುಂಠ ಸಮಾರಾಧನೆ ಅದೇ ಛತ್ರದಲ್ಲಿ ನಡೆಯಿತು. ನಾನು ಹೋಗಿದ್ದೆ. ಬಾಗಿಲಲ್ಲಿ ಮಗ ನಿಂತು ಬಂದವರಿಗೆ ಕೈಮುಗಿಯುತ್ತಿದ್ದ. ಯಾರೋ ವ್ಯವಸ್ಥೆ ಚೆನ್ನಾಗಿದೆ ಎಂದರು. “ಪುಣ್ಯಕ್ಕೆ ಆಷಾಢ ಅಂಕಲ್, ಛತ್ರ ಖಾಲಿ ಇತ್ತು. ಮುಂದಿನ ತಿಂಗ್ಳಾಗಿದ್ರೆ ನಮಗೇ ಡೇಟ್ ಸಿಕ್ತಿರ್ಲಿಲ್ಲ” ಎಂದ. ಅವನ ಮುಖದಲ್ಲಿ ಸ್ವಲ್ಪವೂ ಕುಹಕ ಇರಲಿಲ್ಲ. ಅಪ್ಪನ ಹಾಗೆಯೇ, ಅವನೂ ತಾನು ಏನು ಹೇಳುತ್ತಿದ್ದೇನೆಂದು ಕೇಳಿಸಿಕೊಳ್ಳುವವನಲ್ಲ. ನಾನು ಊಟಕ್ಕೆ ಕೂರಲಿಲ್ಲ.

ಮಾರನೆಯ ದಿನ ತಿರುವಿನ ಫ್ಲೆಕ್ಸನ್ನು ಬಿಚ್ಚುತ್ತಿದ್ದರು. ಪಕ್ಕದ ಸೈಟಿನಲ್ಲಿ ಶೆಡ್ ಹಾಕಿಕೊಂಡಿರುವ ಒಬ್ಬ ಹೆಂಗಸು ಮತ್ತು ಅವಳ ಗಂಡ ಬಂದು ಅದನ್ನು ಕೇಳಿ ತೆಗೆದುಕೊಂಡರು. ತಗಡು ಸೋರುತ್ತಿದೆಯಂತೆ. ಮಾತು ಅದೇ ಹೊಳೆಯ ದಡದ ಮಾತು. ಫ್ಲೆಕ್ಸ್ ದೊಡ್ಡದು, ಗಾಳಿಗೆ ಎದ್ದು ಬರುತ್ತಿತ್ತು. ನಾನು ಒಂದು ತುದಿ ಹಿಡಿದುಕೊಂಡೆ.

“ಫೋಟೊ ಒಳಗ ಬರ್ಲೇನು, ಹೊರಗ ಬರ್ಲೇನು?” ಎಂದು ಅವಳು ಗಂಡನನ್ನು ಕೇಳಿದಳು.

“ಹೊರಗ ಹಾಕ. ಒಳಗ ಹಾಕಿದ್ರ ರಾತ್ರಿಯೆಲ್ಲಾ ನಿನ್ನ ನೋಡ್ಕೋತ ನಗತಾನ. ಮಳಿ ಅವನ ಮ್ಯಾಲ ಬೀಳ್ಲಿ.”

ಅವಳು ನಕ್ಕು ಸುತ್ತತೊಡಗಿದಳು. ಬಿಳಿ ಅಂಗಿ ಹೋಯಿತು, ಕಡಗ ಹೋಯಿತು, ಬೆಡ್‌ಶೀಟ್ ಹೋಯಿತು. ಕೊನೆಗೆ ನಾನು ಹಿಡಿದಿದ್ದ ಅಂಚಿನಲ್ಲಿ ಹಸಿರು ಬಳೆಯ ಕೈಗಳು ಉಳಿದವು. ತಾಯಿ ಮಗಳ ಗುರುತು ಹೇಳಿ, ಅಂಥವರು ಗೊತ್ತೇ ಎಂದು ಕೇಳಿದೆ. ಹುಡುಗಿ ಈಗ ಇಪ್ಪತ್ತೈದರ ಆಸುಪಾಸು ಇರಬೇಕು, ಬಹಳ ಚುರುಕು, ಓದುತ್ತಿದ್ದಳು...

“ಅಂಥಾವ್ರು ಭಾಳ ಮಂದಿ ಅದಾರ್ರೀ ಅಕ್ಕಾರ” ಎಂದಳು ಅವಳು. ನಾನು ತುದಿ ಬಿಟ್ಟೆ. ಅವಳು ಅದನ್ನೂ ಸುತ್ತಿ ಹೆಗಲ ಮೇಲೆ ಇಟ್ಟುಕೊಂಡು ಹೋದಳು.

ಚೀಲವನ್ನು ಒಗೆಯಲಿಲ್ಲ. ಸೀಮೆಸುಣ್ಣ, ಅಕ್ಷರ ಎರಡನ್ನೂ ಅದರೊಳಗೇ ಹಾಕಿ ಮತ್ತೆ ಮೇಲೆ ಇಟ್ಟಿದ್ದೇನೆ. ಕೆಳಗೆ ಫ್ಲೆಕ್ಸ್ ಹೊದಿಸಿದ ಆ ಶೆಡ್ಡಿನ ಮೇಲೆ ಈಗ ಮಳೆ ಬೀಳುತ್ತಿರುವ ಸದ್ದು ನನ್ನ ಕಿಟಕಿಗೆ ಕೇಳುತ್ತದೆ.